ಯಾರೂ ಕೇಳದ ವರ್ಷ

ಇಳಕಲ್ಲಿನ ಆ ನೇಕಾರ ಓಣಿಯಲ್ಲಿ ನಿಂತು, ಮಹಾನಂದಾ ಅವರ ಮನೆ ಯಾವುದು ಎಂದು ಕೇಳಿದರೆ ಜನ ಅರೆಗಳಿಗೆ ಯೋಚಿಸುತ್ತಾರೆ. ಆಮೇಲೆ ತಾವೇ, "ಕೊಂಡಿ ಮಾನಂದಾನ ಮನಿಯೇನ್ರಿ?" ಎಂದು ತಿದ್ದಿ, ಬೇವಿನ ಗಿಡದ ಪಕ್ಕದ ಹಸಿರು ಬಾಗಿಲು ತೋರಿಸುತ್ತಾರೆ. ಕೊಂಡಿ ಹಾಕುವ ಹೆಂಗಸರು ಓಣಿಯಲ್ಲಿ ಹತ್ತಾರು ಮಂದಿ ಇದ್ದಾರೆ. ಆ ಕೆಲಸದ ಹೆಸರು ಅಂಟಿಕೊಂಡದ್ದು ಮಾತ್ರ ಅವಳೊಬ್ಬಳಿಗೆ.

ಇಳಕಲ್ ಸೀರೆಯ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡೂ ಒಂದೇ ಸೀರೆಯಾಗಬೇಕಾದರೆ ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಒಂದೊಂದು ಎಳೆಯನ್ನು ತೂರಿಸಿ ಕೂಡಿಸಬೇಕು. ಅದಕ್ಕೇ ಕೊಂಡಿ ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿ. ಸೀರೆ ಉಟ್ಟವರು ಆ ಜಾಗವನ್ನು ನೋಡುವುದೇ ಇಲ್ಲ, ಅದು ಎಲ್ಲೋ ಎದೆಯ ಹತ್ತಿರ ಮಡಿಕೆಯಲ್ಲಿ ಹೋಗಿಬಿಡುತ್ತದೆ. ಆದರೆ ನೂಲು ಕೊಟ್ಟು ನೇಯಿಸುವ ಸಾವಕಾರ ಸೀರೆ ಬಿಚ್ಚಿದನೆಂದರೆ ಮೊದಲು ಹೆಬ್ಬೆರಳು ಒತ್ತಿ ನೋಡುವುದು ಅಲ್ಲಿಯೇ.

ಮಹಾನಂದಾಳ ತವರು ಬಾದಾಮಿ ಕಡೆ. ಏಳನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟಳು, ಹತ್ತೊಂಬತ್ತಕ್ಕೆ ಮದುವೆಯಾಗಿ ಇಳಕಲ್ಲಿಗೆ ಬಂದಳು. ಕೊಂಡಿ ಕಲಿಸಿದವಳು ಅತ್ತೆ ರತ್ನವ್ವ. ಬೇರೆಯವರು ಎರಡು ತಿಂಗಳಲ್ಲಿ ಕಲಿಯುವುದನ್ನು ಸೊಸೆ ಎಂಟು ದಿನದಲ್ಲಿ ಕಲಿತಳು ಎಂಬುದನ್ನು ರತ್ನವ್ವ ಊರಿಗೆಲ್ಲ ಹೇಳಿದ್ದಳು, ಸೊಸೆಯ ಮುಂದೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಗಂಡ ಶಂಕರಲಿಂಗ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅವಳು ಕೂಡಿಸಿದ್ದನ್ನು ಅವನು ನೇಯ್ದು, ಹಾಗೇ ಇಪ್ಪತ್ತು ವರ್ಷ ಕಳೆದಿದ್ದವು. ಒಬ್ಬಳೇ ಮಗಳು ಶೈಲಶ್ರೀ. ಓದಿನಲ್ಲಿ ಚುರುಕು. ಹತ್ತನೇ ಇಯತ್ತೆಯಲ್ಲಿ ಆರುನೂರ ಇಪ್ಪತ್ತೈದಕ್ಕೆ ಐದುನೂರ ಎಂಬತ್ತೊಂದು ತೆಗೆದಿದ್ದಳು. ಮುಂದೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದಬೇಕು, ಗಣಿತದ ಜೊತೆ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಬೇಕು ಎಂಬುದು ಅವಳ ಹಟ. ಆ ವಿಷಯಕ್ಕೆ ಅಲ್ಲಿ ನಲವತ್ತೇ ಸೀಟು. ಸೀಟು ಸಿಕ್ಕ ಹುಡುಗಿಯರಿಗೆ ಹಾಸ್ಟೆಲ್ಲೂ ಸಿಗುತ್ತಿತ್ತು.

ತಾಯಿಗೂ ಅದೇ ಹಟ ಇತ್ತು, ಆದರೆ ಕಾರಣ ಬೇರೆ. ಹುಡುಗಿ ಇಳಕಲ್ಲಿನಲ್ಲೇ ಉಳಿದರೆ ಎಷ್ಟೇ ಓದಿದರೂ ಕೈಗೆ ಎಳೆ ಬಂದೇ ಬರುತ್ತದೆ. ಮನೆಯಲ್ಲಿ ಕೆಲಸ ಇದ್ದ ದಿನ ಪುಸ್ತಕ ಹಿಡಿದ ಕೈಯನ್ನು ಯಾರೂ ಕೈ ಎನ್ನುವುದಿಲ್ಲ. ಇದನ್ನು ಮಹಾನಂದಾ ತನ್ನ ಹನ್ನೆರಡನೇ ವಯಸ್ಸಿನಲ್ಲೇ ತಿಳಿದುಕೊಂಡಿದ್ದಳು.

ಎರಡು ಸಾವಿರದ ಇಪ್ಪತ್ತೊಂದರ ಜೂನ್. ಮೇ ತಿಂಗಳಲ್ಲಿ ಓಣಿಯಿಂದ ಮೂವರು ಕೊರೊನಾಕ್ಕೆ ಹೋಗಿದ್ದರು. ಅವರಲ್ಲೊಬ್ಬ ಶಂಕರಲಿಂಗನ ಜೊತೆ ಮುಂಜಾನೆ ಚಹಾ ಕುಡಿಯುತ್ತಿದ್ದವನು. ಪೇಟೆ ಮುಚ್ಚಿತ್ತು. ಮಗ್ಗಗಳು ಹೊಟ್ಟೆಗಾಗಿ ಅಲ್ಲೊಂದು ಇಲ್ಲೊಂದು ಸದ್ದು ಮಾಡುತ್ತಿದ್ದವು. ಒಂದು ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು. ಈ ಸಲ ಸೆಕೆಂಡ್ ಪಿಯುಸಿ ಪರೀಕ್ಷೆ ಇಲ್ಲ, ಎಲ್ಲರೂ ಪಾಸ್.

"ಏ ಶೈಲಾ, ಓಡಿ ಬಾ! ಪರೀಕ್ಷಿ ಬರೀಲಾರದ ಪಾಸಾದಿ ನೋಡು!" ಎಂದು ರತ್ನವ್ವ ಕೂಗಿದಳು. "ನಮ್ಮ ಕಾಲದಾಗ ಇಂಥಾ ರೋಗ ಬಂದಿದ್ರ ನಾನೂ ಮ್ಯಾಟ್ರಿಕ್ ಆಗತಿದ್ದೆ."

"ಆಯಿ, ನೀ ಒಂದನೇತ್ತೇಕ್ಕೂ ಹೋಗಿಲ್ಲ."

"ಹೋಗಿದ್ರ ಮಾಡತಿದ್ರಲ್ಲ ಪಾಸ್!"

ಮನೆಯವರೆಲ್ಲ ನಕ್ಕರು. ಆ ತಿಂಗಳಲ್ಲಿ ಆ ಮನೆಯಲ್ಲಿ ನಗು ಕೇಳಿದ್ದು ಅದೊಂದೇ ಸಲವಿರಬೇಕು. ಪರೀಕ್ಷೆ ಹೋಯಿತಲ್ಲ, ಮಗಳು ನೂರಾರು ಮಕ್ಕಳ ನಡುವೆ ಕೂತು ರೋಗ ಹಚ್ಚಿಕೊಂಡು ಬರುವುದು ತಪ್ಪಿತಲ್ಲ ಎಂದು ಮಹಾನಂದಾ ಕೈಯೆತ್ತಿ ಮುಗಿದಳು. ಮಾರ್ಕ್ಸು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಅದು ಗೊತ್ತಾದದ್ದು ಕೆಲವು ದಿನಗಳ ಮೇಲೆ. ಮಹಾನಂದಾ ಪಡಸಾಲೆಯಲ್ಲಿ ಕೊಂಡಿ ಹಾಕುತ್ತ ಕೂತಿದ್ದಳು. ಶೈಲಶ್ರೀ ಬಾಗಿಲಲ್ಲಿ ನಿಂತು ಗೆಳತಿ ತಬಸುಮಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಹೂಂ, ಹೂಂ" ಎನ್ನುತ್ತಿದ್ದ ದನಿ ಒಮ್ಮೆಲೇ ನಿಂತಿತು. ಫೋನು ಇಟ್ಟಮೇಲೂ ಹುಡುಗಿ ಬಾಗಿಲು ಬಿಟ್ಟು ಕದಲಲಿಲ್ಲ.

"ಏನಾತವಾ?"

"ಮಾರ್ಕ್ಸ್ ಹೆಂಗ ಹಾಕ್ತಾರ ಅಂತ ಹೇಳ್ಯಾರಂತ. ನೂರರಾಗ ಹತ್ತನೇತ್ತೇದು ನಲವತ್ತೈದು ಪಾಲು. ಈ ವರ್ಷದ್ದು ಬರೇ ಹತ್ತು."

"ಉಳಿದದ್ದು?"

ಶೈಲಶ್ರೀ ತಾಯಿಯ ಮುಖ ನೋಡಲಿಲ್ಲ, ಅವಳ ಬೆರಳು ನೋಡಿದಳು. "ಅವ್ವಾ, ಫಸ್ಟ್ ಪಿಯುಸಿ ಕೇಳಾಕತ್ತಾರ."

ಮಹಾನಂದಾಳ ಬೆರಳು ಕುಣಿಕೆಯಲ್ಲೇ ನಿಂತುಬಿಟ್ಟವು. ಎಳೆ ಯಾವ ಕಡೆಯಿಂದ ತೂರಿಸಿದ್ದೆ, ಯಾವ ಕಡೆಗೆ ಎಳೆಯಬೇಕಿತ್ತು ಎಂಬುದೇ ಮರೆತುಹೋಯಿತು. ಇಪ್ಪತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಅದಕ್ಕೆ ಕಾರಣ ಹದಿನಾರು ತಿಂಗಳ ಹಿಂದಿನದು. ಕೊರೊನಾ ಎಂಬ ಶಬ್ದ ಇನ್ನೂ ಇಳಕಲ್ಲಿಗೆ ಬಂದಿರದಿದ್ದ ಫೆಬ್ರವರಿ ಅದು. ಹುನಗುಂದದ ಒಂದು ಮನೆತನದ ಮದುವೆಗೆ ಸಾವಕಾರ ಸೀರೆ ಒಪ್ಪಿಕೊಂಡಿದ್ದ, ದಿನ ಕಡಿಮೆ ಇದ್ದವು. ಅದೇ ಹೊತ್ತಿಗೆ ಮಹಾನಂದಾಳ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಬೆರಳು ಬಾತು, ಹಳದಿಯಾಗಿ, ಮುಟ್ಟಿದರೆ ಪ್ರಾಣ ಹೋಗುವಂತಾಗಿತ್ತು. ರತ್ನವ್ವ ಲಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿದ್ದಳು. ಲಿಂಬೆಹಣ್ಣಿನ ಕೈಯಲ್ಲಿ ರೊಟ್ಟಿಯನ್ನೇ ಮುರಿಯಲಾಗದು, ಇನ್ನು ಕೊಂಡಿ ಎಲ್ಲಿಂದ ಬರಬೇಕು? ರತ್ನವ್ವನ ಕಣ್ಣು ಮಂಜಾಗಿ ಮೂರು ವರ್ಷವಾಗಿತ್ತು. ಓಣಿಯ ಉಳಿದ ಹೆಂಗಸರ ಕೈ ತುಂಬ ಅವರವರ ಕೆಲಸ. ಮನೆಯಲ್ಲಿ ಉಳಿದದ್ದು ಶೈಲಶ್ರೀ. ಅವಳಿಗೆ ಫಸ್ಟ್ ಪಿಯುಸಿ ಪರೀಕ್ಷೆ ನಡೆದಿತ್ತು.

"ಅವ್ವಾ, ನಾಳೆ ಫಿಜಿಕ್ಸ್ ಐತಿ."

"ಎರಡ ತಾಸು ಕುಂದ್ರು, ಸಾಕು."

ಎರಡು ತಾಸು ಎಂದದ್ದು ಊಟದ ಹೊತ್ತಾಯಿತು, ಊಟ ಮುಗಿದು ಮತ್ತೆ ದೀಪ ಹಚ್ಚುವ ಹೊತ್ತಾಯಿತು. ಫಿಜಿಕ್ಸ್ ಹೋಯಿತು, ಕೆಮಿಸ್ಟ್ರಿ ಬಂತು. ಹುಡುಗಿ ಒಂದು ದಿನ ಅಳುಮೋರೆ ಮಾಡಿದಾಗ ಮಹಾನಂದಾ, "ಫಸ್ಟ್ ಪಿಯುಸಿ ಯಾಂವ ಕೇಳ್ತಾನ? ಪಾಸಾದ್ರ ಸಾಕು. ಮುಂದಿನ ವರ್ಷ ನಿನ್ನ ಕೈಗೆ ಒಂದ ಎಳಿ ಮುಟ್ಟಿಸಿದ್ರ ಕೇಳು" ಎಂದಿದ್ದಳು.

ಆ ಮಾತು ಅವಳು ಹುಟ್ಟಿಸಿದ್ದೇನಲ್ಲ. ಎಲ್ಲರೂ ಹಾಗೇ ಹೇಳುತ್ತಿದ್ದರು. ಕಾಲೇಜಿನಲ್ಲಿ ಗಣಿತ ಕಲಿಸುವ ಬೀರಲಿಂಗಪ್ಪ ಸರ ಕೂಡ, "ಬರೂ ವರ್ಷದ ಮಾರ್ಕ್ಸಿನ ಮ್ಯಾಲೆ ನಿಮ್ಮ ಜಾತಕ ಐತಿ" ಎಂದು ಕ್ಲಾಸಿನಲ್ಲಿ ಹೇಳಿದ್ದರಂತೆ. ಶೈಲಶ್ರೀ ಆರುನೂರಕ್ಕೆ ಇನ್ನೂರ ಐವತ್ತೊಂದು ತೆಗೆದು ಪಾಸಾದಳು. ಯಾರೂ ಬೈಯಲಿಲ್ಲ. ಮಹಾನಂದಾ ತಾನು ಕೊಟ್ಟ ಮಾತು ಉಳಿಸಿಕೊಂಡಳು. ಮರುವರ್ಷ ಮಗಳ ಕೈಗೆ ಒಂದೇ ಒಂದು ಎಳೆ ಕೊಡಲಿಲ್ಲ. ಹುಡುಗಿ ಮಗ್ಗದ ಸದ್ದಿನಲ್ಲೇ ಕಿವಿಗೆ ವಾಯರು ಸಿಕ್ಕಿಸಿಕೊಂಡು ಆನ್‌ಲೈನ್ ಪಾಠ ಕೇಳಿದಳು, ಸಿಗ್ನಲ್ ಹೋದಾಗ ಮಾಳಿಗೆ ಹತ್ತಿದಳು, ಬೀರಲಿಂಗಪ್ಪ ಸರ ಕಳಿಸಿದ ಒಂದು ಲೆಕ್ಕವನ್ನೂ ಬಿಡಲಿಲ್ಲ. ಈಗ ಆ ವರ್ಷಕ್ಕೆ ನೂರರಲ್ಲಿ ಹತ್ತು.

ಜುಲೈ ಇಪ್ಪತ್ತರಂದು ಫಲಿತಾಂಶ. ಹಾಲ್ ಟಿಕೆಟ್ಟೇ ಇಲ್ಲದ ಪರೀಕ್ಷೆಯಾದ್ದರಿಂದ ಯಾರಿಗೂ ತಮ್ಮ ನಂಬರು ಗೊತ್ತಿರಲಿಲ್ಲ. ಮೊದಲು ನಂಬರು ಹುಡುಕಬೇಕು, ಆಮೇಲೆ ಮಾರ್ಕ್ಸು ಹುಡುಕಬೇಕು. ತಬಸುಮ ತನ್ನ ಫೋನು ಹಿಡಿದುಕೊಂಡು ಮನೆಗೇ ಬಂದಳು. ಪಡಸಾಲೆಯಲ್ಲಿ ಇಬ್ಬರೂ ತಲೆಗೆ ತಲೆ ಹಚ್ಚಿ ಕೂತರು.

"ನಂದು ಐದುನೂರ ನಲವತ್ತೇಳು," ಎಂದ ತಬಸುಮ, ಶೈಲಶ್ರೀಯದು ಬಂದಮೇಲೆ ಫೋನಿನ ಮೇಲೆ ಕೈ ಮುಚ್ಚಿದಳು. ಎರಡು ವರ್ಷ ಶೈಲಶ್ರೀಯ ನೋಟ್ಸು ಬರೆದುಕೊಂಡು ಗಣಿತ ಕಲಿತ ಹುಡುಗಿ ಅವಳು.

"ತೋರ್ಸ, ತಬಸುಮ."

ನಾನೂರ ಇಪ್ಪತ್ತೆಂಟು.

"ಫಸ್ಟ್ ಕ್ಲಾಸ್ ಹೌದಲ್ಲೋ?" ಎಂದು ರತ್ನವ್ವ ಕೇಳಿದಳು. ಹೌದೆಂದು ತಬಸುಮ ತಲೆಯಾಡಿಸಿದ್ದೇ ತಡ, ಮುದುಕಿ ಸಕ್ಕರೆ ಡಬ್ಬಿ ತೆಗೆದುಕೊಂಡು ಓಣಿಗೆ ಇಳಿದಳು. ಶಂಕರಲಿಂಗ ಮಗ್ಗದಲ್ಲಿ ಕೂತಲ್ಲಿಂದಲೇ, "ಚಲೋ ಆತು ಬಿಡು" ಎಂದು ಲಾಳಿ ಎಸೆದ. ಟಿವಿಯವರು ಕೂಗಿ ಕೂಗಿ ಹೇಳುತ್ತಿದ್ದರು. ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಆರುನೂರಕ್ಕೆ ಆರುನೂರು.

ಮಹಾನಂದಾ ಆ ಸಂಖ್ಯೆಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ಒಬ್ಬರಲ್ಲ, ಇಬ್ಬರಲ್ಲ, ಎರಡು ಸಾವಿರ. ಅವರೆಲ್ಲರ ತಾಯಂದಿರಿಗೆ ಉಗುರುಸುತ್ತು ಆಗಿರಲಿಲ್ಲ.

ಎರಡು ದಿನ ಬಿಟ್ಟು ತಾಯಿ ಮಗಳು ಬಸ್ಸು ಹತ್ತಿ ಬಾಗಲಕೋಟೆಗೆ ಹೋದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಮಾರುವವರು ಕೂಗುತ್ತಿದ್ದರೂ ಶೈಲಶ್ರೀ ಕಿಟಕಿಯತ್ತ ತಿರುಗಲಿಲ್ಲ. ಕಾಲೇಜಿನ ಆಫೀಸಿನಲ್ಲಿ ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ಹಿಂದೆ ಕನಕಪ್ಪ ಎಂಬ ಕ್ಲಾರ್ಕ್ ಕೂತಿದ್ದ.

"ನಾನೂರ ಇಪ್ಪತ್ತೆಂಟಕ್ಕ ಸೀಟ್ ಆಕ್ಕೈತೇನ್ರಿ, ಸರ?"

"ಅಕ್ಕಾರ, ಹಿಂದಿನ ವರ್ಷ ನಾನೂರ ಎಂಬತ್ತಕ್ಕ ಕೊನೀ ಸೀಟ್ ಹೋತು. ಈ ವರ್ಷ ಎಲ್ಲಾರೂ ಬುದ್ಧಿವಂತರಾಗ್ಯಾರ. ನಿನ್ನೆ ಒಂದ ದಿನಾನ ಐದುನೂರ ಎಂಬತ್ತರ ಮ್ಯಾಗಿನ ಹದಿನೆಂಟು ಅರ್ಜಿ ಬಂದಾವು."

"ಹಂಗಾದ್ರ ಎಷ್ಟಕ್ಕ ನಿಂದರತೈತ್ರಿ?"

"ಅದು ನನಗೇನು, ದೇವರಿಗೂ ಗೊತ್ತಿಲ್ಲ. ಲಿಸ್ಟ್ ಯಾವಾಗ ಹಚ್ಚತಾರ ಅದೂ ಗೊತ್ತಿಲ್ಲ. ಕಾಲೇಜ್ ಯಾವಾಗ ಚಾಲೂ ಅಂದ್ರ ಅದೂ ಗೊತ್ತಿಲ್ಲ. ನನಗ ಗೊತ್ತಿರೂದು ಈ ಅರ್ಜಿಗೆ ಫೋಟೋ ಹಚ್ಚಬೇಕು ಅನ್ನೂದು ಅಷ್ಟ."

ಶೈಲಶ್ರೀ ಫೋಟೋ ಹಚ್ಚಿದಳು. ಕನಕಪ್ಪ ಅರ್ಜಿ ತೆಗೆದುಕೊಳ್ಳುತ್ತ ಹತ್ತನೆಯ ಮಾರ್ಕ್ಸ್ ನೋಡಿದ, ಫಸ್ಟ್ ಪಿಯುಸಿಯದು ನೋಡಿದ, ಮತ್ತೆ ಹತ್ತನೆಯದು ನೋಡಿದ. "ನಡುವ ಏನಾಗಿತ್ತವಾ? ಆರಾಮ ಇರಲಿಲ್ಲೇನು?"

"ನನಗ ಆರಾಮ ಇರಲಿಲ್ರಿ," ಎಂದಳು ಮಹಾನಂದಾ.

ಅವನಿಗೆ ಅರ್ಥವಾಗಲಿಲ್ಲ. ಆದರೂ ಕಿಂಡಿಗೆ ಬಾಗಿ ದನಿ ತಗ್ಗಿಸಿದ. "ಒಂದ ದಾರಿ ಐತಿ. ಈ ಮಾರ್ಕ್ಸ್ ಬ್ಯಾಡ ಅಂದವರಿಗೆ ಆಗಸ್ಟಿನ್ಯಾಗ ಪರೀಕ್ಷಿ ಇಡತಾರ. ಖರೆ ಅಂದ್ರ, ಬರದಮ್ಯಾಲೆ ಇದು ಹೋತು. ಅಲ್ಲಿ ಎಷ್ಟು ಬರತೈತಿ ಅಷ್ಟ ಕಾಯಂ. ಫೇಲಾದ್ರ ಫೇಲು."

ಮರುದಿನ ಬೀರಲಿಂಗಪ್ಪ ಸರರ ಹತ್ತಿರ ಹೋದಾಗ ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮ ಕಾಲೇಜಿನಾಗ ಕೇಳಾಕ ಬಂದಾಕಿ ನೀ ಒಬ್ಬಾಕಿನ. ಗಣಿತದ್ದು ನಾ ಹೇಳ್ತೇನಿ, ನಿನಗ ಬರತೈತಿ. ಉಳಿದ ಐದು ವಿಷಯ ಮೊಬೈಲಿನ್ಯಾಗ ಕೇಳೀರಿ, ಅದು ಎಷ್ಟು ತಲಿಗೆ ಹೋಗೇತಿ ನನಗ ಗೊತ್ತಿಲ್ಲ." ಮಹಾನಂದಾಳ ಕಡೆ ತಿರುಗಿ, "ನೀವು ಮನ್ಯಾಗ ಕುಂತು ಮಾತಾಡ್ರಿ. ತಿಂಗಳ ಕೊನೀತನಕ ಟೈಮ್ ಐತಿ. ತಂದಿ ಸಹಿನೂ ಬೇಕು" ಎಂದು ಒಂದು ಫಾರ್ಮು ಕೊಟ್ಟರು.

ಆ ಫಾರ್ಮಿನಲ್ಲಿ ಒಂದು ಸಾಲಿತ್ತು. ಪ್ರಕಟವಾದ ಫಲಿತಾಂಶವನ್ನು ತಿರಸ್ಕರಿಸಿರುತ್ತೇನೆ.

ಶಂಕರಲಿಂಗ ಅದನ್ನು ಎರಡು ಸಲ ಓದಿ, ಮಗ್ಗದ ಪಕ್ಕದಲ್ಲಿ ಇಟ್ಟ. "ಸರ್ಕಾರ ಪಾಸ್ ಅಂತ ಬರದ ಕೊಟ್ಟೇತಿ. ಅದನ್ನ ಬ್ಯಾಡ ಅಂತ ನಾ ಸಹಿ ಮಾಡಬೇಕೇನು? ನಾಳೆ ಫೇಲಾದ್ರ ಮೂರೂ ಕಡಿ ಹೋತು. ಬಾಗಲಕೋಟಿನೂ ಇಲ್ಲ, ಇಳಕಲ್ಲೂ ಇಲ್ಲ, ಪಾಸ್ ಅನ್ನೂದೂ ಇಲ್ಲ."

"ಓಣಿಗೆಲ್ಲಾ ಸಕ್ಕರಿ ಹಂಚೇನಿ ನಾ," ಎಂದು ರತ್ನವ್ವ ಒಳಗಿನಿಂದ ಹೇಳಿದಳು. "ಈಗ ಮನಿಮನಿಗೆ ಹೋಗಿ ತಿರುಗಿ ಇಸಗೊಂಡು ಬರ್ಲೇನು?"

"ಇಲ್ಲೇ ಬಿ.ಎ. ಓದ್ಲಿ," ಎಂದ ಶಂಕರಲಿಂಗ. "ಓದ್ಕೋತ ನಿನಗ ಒಂದೀಟು ಕೈ ಹಚ್ಚಿದ್ರ ತಪ್ಪೇನೈತಿ? ಕೊಂಡಿ ಹೆಂಗೂ ಬರತಾವು ಅಕಿಗೆ."

ಶೈಲಶ್ರೀ ಗೋಡೆಗೆ ಒರಗಿ ನಿಂತಿದ್ದಳು. ಫಾರ್ಮು ತಂದವಳು ಅವಳೇ ಆದರೂ ಈಗ ಅವಳ ಮುಖದಲ್ಲಿ ಹೆದರಿಕೆ ಇತ್ತು. "ಅಪ್ಪ ಹೇಳೂದು ಖರೆ ಐತೇನೋ ಅವ್ವಾ. ನನಗ ಬಯಾಲಜಿ ಒಂದೂ ನೆನಪಿಲ್ಲ," ಎಂದು ಮೆಲ್ಲಗೆ ಹೇಳಿದಳು.

ಮಹಾನಂದಾ ತುಂಬ ದಿನದಿಂದ ಒಂದು ಮಾತನ್ನು ಬಾಯಿಯಲ್ಲಿ ಹಿಡಿದುಕೊಂಡಿದ್ದಳು. ಅದನ್ನು ಹೇಳಿದರೆ ಮಗಳು ತನ್ನನ್ನು ಹೇಗೆ ನೋಡುತ್ತಾಳೋ ಎಂದು ಹೆದರಿ ಹದಿನೇಳು ತಿಂಗಳು ಕಳೆದಿದ್ದಳು.

"ರೀ, ನನಗ ಉಗುರಸುತ್ತ ಆದಾಗಿನ ಹುನಗುಂದದವರ ಮದಿವಿ ಸೀರಿ ನೆನಪೈತೇನು?"

ಶಂಕರಲಿಂಗ ಲಾಳಿ ಕೆಳಗಿಟ್ಟು ಅವಳನ್ನೇ ನೋಡಿದ. "ಈಗ್ಯಾಕ ಅದು? ಬಿಡು."

"ನೀವು ಅವತ್ತ ಏನಂದ್ರಿ?"

"ಬಿಡು ಅಂದ್ನಲ್ಲ."

"ಏನಂದಿದ್ರು ಅವ್ವಾ?" ಎಂದಳು ಶೈಲಶ್ರೀ.

"ನೀ ಹಾಕಿದ ಕೊಂಡಿ ತಡೀಲಿಲ್ಲ, ಶೈಲಾ." ಮಹಾನಂದಾ ಮಗಳ ಕಡೆ ತಿರುಗಿದಳು. "ನಿನ್ನ ಪರೀಕ್ಷಿ ಮುಗದ ಮರುದಿನ ನಿಮ್ಮಪ್ಪ ಹಾಸು ಬಿಗಿ ಮಾಡಿದ್ರು. ಅಲ್ಲಲ್ಲೆ ಬಿಚ್ಚಕೋತ ಬಂತು. ಒಂದ ಕಡೆ ಅಲ್ಲ, ಎಲ್ಲಾ ಕಡೆ. ಪುಸ್ತಕ ನೆನಿಸ್ಕೋತ ಹಾಕಿದ ಕೈ ಅದು. ನಾ ಅಂದೆ, ಬಿಚ್ಚಿದಷ್ಟು ಗಂಟ ಹಾಕಿ ಕೊಡ್ತೇನಿ, ಹಂಗ ನೇಯ್ರಿ, ಅಕಿ ಓದೂದು ಬಿಟ್ಟು ಕುಂತು ಹಾಕ್ಯಾಳ ಅಂತ. ನಿಮ್ಮಪ್ಪ ಕತ್ತರಿ ಇಸಗೊಂಡ್ರು. ಹುಸಿ ಕೊಂಡಿ ಮ್ಯಾಲೆ ನಾ ಲಾಳಿ ಒಗಿಯೂದಿಲ್ಲ ಅಂದ್ರು. ಈ ದಡಿಯಿಂದ ಆ ದಡಿತನಕ ಕತ್ತರಿಸಿದ್ರು. ಲಿಂಬಿಹಣ್ಣು ತಗದು ಒಗದು, ಬಾತ ಬೆರಳಿಲೆ ಎಲ್ಲಾ ನಾನ ಮತ್ತ ಹಾಕಿದೆ."

"ಅಂದ್ರ..." ಶೈಲಶ್ರೀ ತನ್ನ ಎರಡೂ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಅಂದ್ರ ನಾ ಹಾಕಿದ್ದು ಒಂದೂ ಉಳೀಲಿಲ್ಲ? ಆ ಸೀರಿ ಸಲುವಾಗಿ ನನ್ನ ಮಾರ್ಕ್ಸ್ ಹೋದ್ವು ಅಂತ ತಿಳಕೊಂಡಿದ್ದೆ. ಹೋದ್ರ ಹೋಗ್ಲಿ, ಸೀರಿ ಆತು ಅಂತ..."

"ಆಗಲಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಕೊನೀ ಪೇಪರ್ ಬರದು ಬಂದು ನೀ ನೆಲದ ಮ್ಯಾಲೆ ಹಂಗ ಮಲಗಿದ್ದಿ. ಬೆರಳ ತುದಿ ಎಲ್ಲಾ ಕೆಂಪಾಗಿದ್ವು. ಏನಂತ ಹೇಳ್ಲಿ?"

ಶೈಲಶ್ರೀ ಅಳಲಿಲ್ಲ. ತಾಯಿಯ ಮುಖ, ತಂದೆಯ ಮುಖ, ಮತ್ತೆ ತಾಯಿಯ ಮುಖ ನೋಡಿದಳು. ಒಂದೇ ಮನೆಯಲ್ಲಿ ಉಂಡು ಮಲಗಿದ ಇವರಿಬ್ಬರೂ ಇಷ್ಟು ದಿನ ಇದನ್ನು ತನ್ನಿಂದ ಮುಚ್ಚಿಟ್ಟರೇ ಎಂಬುದೇ ಅವಳಿಗೆ ನಂಬಲಾಗಿರಲಿಲ್ಲ. ಒಳಗಿದ್ದ ರತ್ನವ್ವನಿಗೂ ಅದು ಗೊತ್ತಿತ್ತು. ಆ ದಿನ ಬಾತ ಬೆರಳಿಗೆ ಎಣ್ಣೆ ಹಚ್ಚಿದವಳು ಅವಳೇ.

ಮಹಾನಂದಾ ಗಂಡನಿಗೆ ಹೇಳಿದಳು, "ಅವತ್ತ ಮಗಳು ಹಾಕ್ಯಾಳ ಅಂತ ನೀವು ಬಿಡಲಿಲ್ಲ. ಈಗ ಸರ್ಕಾರ ಹಾಕೇತಿ ಅಂತ ಬಿಡಬೇಕೇನು? ಹೇಳ್ರಿ. ಇದರ ಮ್ಯಾಲೆ ನೇಯ್ತೀರೇನು ನೀವು?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಹಾಗೆ ಕೇಳಿದ್ದಿಲ್ಲ. ಶಂಕರಲಿಂಗ ಮಗ್ಗದ ಮೇಲಿನ ಹಾಸನ್ನು ಅಂಗೈಯಿಂದ ಒಮ್ಮೆ ಸವರಿದ. ಮಗ್ಗದ ಕುಣಿಯಿಂದ ಮೇಲೆದ್ದು, ಹೊರಗೆ ಹೋಗಿ ಕೈ ತೊಳೆದು ಬಂದು, "ಎಲ್ಲೈತಿ ಪೆನ್ನು?" ಎಂದ. ಸಹಿ ಮಾಡುವ ಮುಂಚೆ ಆ ಸಾಲಿನ ಕೊನೆಯ ಶಬ್ದದ ಮೇಲೆ ಬೆರಳಿಟ್ಟ. "ತಿರಸ್ಕರಿಸಿರುತ್ತೇನೆ. ಇದಕ್ಕಿಂತ ಒಂಚೂರು ಸಣ್ಣ ಶಬ್ದ ಸಿಗಲಿಲ್ಲೇನು ಇವರಿಗೆ?"

ಪರೀಕ್ಷಾ ಕೇಂದ್ರ ಬಂದದ್ದು ಹುನಗುಂದಕ್ಕೆ. ಆಗಸ್ಟ್ ಮೂರನೇ ವಾರದಿಂದ ಆರು ಪೇಪರು. ಆರು ದಿನವೂ ಮಹಾನಂದಾ ಮಗಳ ಜೊತೆ ಬಸ್ಸಿನಲ್ಲಿ ಹೋಗಿ, ಕೇಂದ್ರದ ಎದುರಿನ ಗಿಡದ ಕೆಳಗೆ ಕೂತಳು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಖಾಸಗಿಯಾಗಿ ಪರೀಕ್ಷೆ ಕಟ್ಟಿದವರು, ದೊಡ್ಡ ವಯಸ್ಸಿನವರು. ಹೆಂಡತಿಯನ್ನು ಪರೀಕ್ಷೆಗೆ ಕಳಿಸಿ ಕೂಸು ಆಡಿಸುತ್ತ ಕೂತಿದ್ದ ಒಬ್ಬ ಗಂಡಸು ಮೊದಲ ದಿನವೇ ಮಾತಿಗೆ ಸಿಕ್ಕ.

"ನಿಮ್ಮ ಮಗಳದು ಎಷ್ಟನೇ ಸಲರಿ, ಅಕ್ಕಾರ?"

"ಮೊದಲನೇ ಸಲ. ಪಾಸಾಗ್ಯಾಳ."

"ಪಾಸಾಗಿ ಬರ್ಯಾಕತ್ತಾಳ?"

"ಹೂಂ. ಪಾಸ್ ಆದದ್ದು ಬ್ಯಾಡ ಅಂತ ಸಹಿ ಮಾಡಿ ಕೊಟ್ಟೇವಿ."

ಅವನು ಕೂಸನ್ನು ಎತ್ತಿಕೊಂಡು, ಮಾಸ್ಕು ಮೂಗಿನ ಮೇಲೆ ಏರಿಸಿ, ಒಂದು ಮಾರು ದೂರ ಸರಿದು ಕೂತ. ಅದೂ ಒಂದು ಅಂಟುರೋಗ ಎಂಬಂತೆ. ಮಹಾನಂದಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ತಾನು ಏನು ಮಾಡಿದೆ ಎಂಬುದು ಆ ಮನುಷ್ಯನ ಮುಖದಲ್ಲಿ ಅವಳಿಗೆ ಮೊದಲ ಸಲ ಪೂರ್ತಿ ಕಾಣಿಸಿತು. ಲಕ್ಷಗಟ್ಟಲೆ ಮಕ್ಕಳು ಮನೆಯಲ್ಲಿ ಪಾಸಾಗಿ ಕೂತಿದ್ದಾಗ ಇವಳೊಬ್ಬಳು ಒಳಗೆ ಬರೆಯುತ್ತಿದ್ದಾಳೆ. ಬಯಾಲಜಿ ದಿನ ಶೈಲಶ್ರೀ ಹೊರಗೆ ಬಂದಾಗ ಬೆಳ್ಳಗೆ ಬಿಳಿಚಿಕೊಂಡಿದ್ದಳು. ಇಳಕಲ್ಲಿನಲ್ಲಿ ಬಸ್ಸು ಇಳಿಯುವಾಗ ಹುಡುಗಿ, "ಪಾಸ್ ಆಕ್ಕೇನಿ ಅನಸತೈತಿ" ಎಂದಳು. ಅನಿಸುತ್ತದೆ ಎಂಬ ಆ ಮಾತನ್ನು ಮಹಾನಂದಾ ಫಲಿತಾಂಶ ಬರುವತನಕ ದಿನವೂ ನೆನೆದಳು.

ಸೆಪ್ಟೆಂಬರ್ ಇಪ್ಪತ್ತು. ಮತ್ತೆ ತಬಸುಮಳ ಫೋನು, ಅದೇ ಪಡಸಾಲೆ. ಈ ಸಲ ಶೈಲಶ್ರೀ ಹತ್ತಿರ ಬರಲಿಲ್ಲ, ಒಳಗೆ ಹೋಗಿ ಮುಖ ತೊಳೆಯುತ್ತ ನಿಂತಳು. ತಬಸುಮ ನಂಬರು ಒತ್ತಿದಳು. ತೆರೆ ಬಿಳಿಯಾಗಿ ನಡುವೆ ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು.

"ಕಾಕೂ," ಎಂದಳು ತಬಸುಮ, ಮಹಾನಂದಾಳತ್ತ ತಿರುಗಿ. "ಐದುನೂರ ಏಳು."

"ಯಾರದು?"

"ಶೈಲಾಂದು. ಗಣಿತಕ್ಕ ತೊಂಬತ್ನಾಕು."

"ನಂಬರ್ ಮತ್ತೊಮ್ಮೆ ನೋಡವಾ. ಬ್ಯಾರೆ ಯಾರದರ ಇರಬೇಕು."

ತಬಸುಮ ಮೂರು ಸಲ ನೋಡಿದಳು. ಮೂರು ಸಲವೂ ಅಷ್ಟೇ. ಶೈಲಶ್ರೀ ಒದ್ದೆ ಮುಖದಲ್ಲೇ ಬಂದು ಫೋನು ಕಸಿದುಕೊಂಡು ತಾನೂ ನೋಡಿದಳು. ಮಹಾನಂದಾ ಮಾತ್ರ ನಂಬಿದಂತೆ ಕಾಣಲಿಲ್ಲ. "ಮತ್ತ ಆ ಫಸ್ಟ್ ಪಿಯುಸಿ ಎಲ್ಲಿ ಹೋತು?" ಎಂದು ಕೇಳಿದಳು.

"ಹೋತು ಕಾಕೂ. ಅದು ಇನ್ನ ಲೆಕ್ಕಕ್ಕಿಲ್ಲ."

"ಹಂಗನಬ್ಯಾಡ!" ಮಹಾನಂದಾ ಎಷ್ಟು ಜೋರಾಗಿ ಅಂದಳೆಂದರೆ ಶಂಕರಲಿಂಗನ ಲಾಳಿ ನಡುವೆಯೇ ನಿಂತಿತು. "ಆ ಮಾತ ಈ ಮನ್ಯಾಗ ಆಡಬ್ಯಾಡ."

ಆದರೆ ಮಾರ್ಕ್ಸು ಬಂದರೆ ಸೀಟು ಬಂದಂತಲ್ಲ. ಬಾಗಲಕೋಟೆ ಕಾಲೇಜಿನ ಮೊದಲನೇ ಲಿಸ್ಟು ಐದುನೂರ ಅರವತ್ತಕ್ಕೆ ನಿಂತಿತು. ಹಳೆಯ ಅರ್ಜಿಗೆ ಹೊಸ ಮಾರ್ಕ್ಸು ಸೇರಿಸಿ ಬಂದರೂ ಎರಡನೆಯದರಲ್ಲೂ ಶೈಲಶ್ರೀಯ ಹೆಸರಿಲ್ಲ. ಇನ್ನೇನು ಇಳಕಲ್ಲಿನಲ್ಲೇ ಹಣೆಬರಹ ಎಂದು ಶಂಕರಲಿಂಗ ಆ ಸುದ್ದಿ ಎತ್ತುವುದನ್ನೇ ಬಿಟ್ಟ. ರತ್ನವ್ವ, "ಸಕ್ಕರಿ ಡಬ್ಬಿ ಎತ್ತಿ ಮ್ಯಾಲಿಟ್ಟೇನಿ, ನೀವು ಹೇಳೂತನಕ ಮುಟ್ಟೂದಿಲ್ಲ" ಎಂದಳು. ಆರುನೂರಕ್ಕೆ ಆರುನೂರು ತೆಗೆದವರು ಇಂಜಿನಿಯರಿಂಗ್ ಸೀಟು ಸಿಕ್ಕು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದಾರೆ ಎಂಬುದು ಇವರಿಗೆ ಹೇಗೆ ಗೊತ್ತಾಗಬೇಕು?

ಒಂದು ಮುಂಜಾನೆ ಮಹಾನಂದಾ ಕೊಂಡಿ ಹಾಕುತ್ತಿದ್ದಾಗ ಗೊತ್ತಿರದ ನಂಬರಿನಿಂದ ಫೋನು ಬಂತು. ಕನಕಪ್ಪ.

"ಅಕ್ಕಾರ, ತನಗ ಆರಾಮ ಇರಲಿಲ್ಲ ಅಂತ ಮಗಳ ಮಾರ್ಕ್ಸಿಗೆ ಕಾರಣ ಹೇಳಿದವರು ನೀವೇನು?"

"ಹೌದ್ರಿ."

"ಈಗ ಆರಾಮ ಅದೀರಿಲ್ಲ? ನಾಳೆ ಐದರೊಳಗ ಮಗಳನ್ನ ಕರಕೊಂಡ ಬರ್ರಿ. ಮೂರನೇ ಲಿಸ್ಟಿನ್ಯಾಗ ಕೊನೀ ಎರಡು ಹೆಸರಿನ್ಯಾಗ ಒಂದು ನಿಮ್ಮದ ಐತಿ. ಹಾಸ್ಟೆಲ್ಲೂ ಅದರ ಜೋಡಿ."

ಅವಳು ಹೂಂ ಎಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಬಲಗೈಯಲ್ಲಿ ಎಳೆ ಹಾಗೇ ಇತ್ತು. ಅದನ್ನು ಕೂಡಿಸಿ, ಎಳೆದು, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗಟ್ಟಿ ಇತ್ತು. ಆಮೇಲೆ ಎದ್ದು ಮಗಳನ್ನು ಕರೆದಳು.

ಈಗ ಶೈಲಶ್ರೀ ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿದ್ದಾಳೆ. ಹೋದ ಎರಡನೇ ವಾರ ಫೋನು ಮಾಡಿ ಊಟ, ನೀರು, ಕೋಣೆಯ ಗೆಳತಿಯರು ಎಲ್ಲದರ ಸುದ್ದಿ ಹೇಳಿದಳು. ಕೊನೆಗೆ, "ನಾಳೆ ಸಣ್ಣ ಟೆಸ್ಟ್ ಐತವ್ವಾ. ಬರೇ ಹತ್ತು ಮಾರ್ಕ್ಸಿಂದು. ಅದನ್ನ ಯಾರೂ ಕೇಳೂದಿಲ್ಲ ಬಿಡು" ಎಂದಳು.

ಈ ಕಡೆಯಿಂದ ಉಸಿರೂ ಕೇಳಿಸಲಿಲ್ಲ.

"ಅವ್ವಾ? ಅವ್ವಾ, ನಗಸಾಕ ಅಂದೆ ಮಾರಾಯ್ತಿ! ಓದೇನಿ ಎಲ್ಲಾ. ಅದೀಯೇನು?"

"ಅದೇನಿ," ಎಂದಳು ಮಹಾನಂದಾ. "ಫೋನ್ ಇಡು. ಇನ್ನೊಮ್ಮೆ ಓದು."